ದಿನಕ್ಕೊಂದು ಹೊಸರುಚಿ ಮಾಡ್ತೀನಿ, ಮಗ ಬಾಯಿಗೇ ಇಡಲ್ಲ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 8 ವರ್ಷ, ಮಗನಿಗೆ 4. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಇದ್ದೇನೆ. ಅಡುಗೆ ಅಂದರೆ ಮೊದಲಿಂದಲೂ ಇಷ್ಟ. ಈಗ ದಿನಾ ಏನಾದರೊಂದು ಹೊಸದು ಮಾಡುತ್ತೇನೆ. ಏನು ಮಾಡಿದೆ, ಏನು ಹಾಕಿದೆ, ಯಾರು ಏನಂದರು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಗಂಡ, ಮಗಳು ತಿನ್ನುತ್ತಾರೆ. ಮಗ ಮಾತ್ರ ತಟ್ಟೆ ನೋಡಿದ ಕೂಡಲೇ ಮುಖ ತಿರುಗಿಸುತ್ತಾನೆ. ಬಿಳಿ ಅನ್ನ, ಮೊಸರು, ಬ್ರೆಡ್, ಬಾಳೆಹಣ್ಣು, ನೂಡಲ್ಸ್, ಮೊಟ್ಟೆಯ ಬಿಳಿಭಾಗ, ಬಿಸ್ಕತ್ತು ಮತ್ತು ಇಂಥ ಇನ್ನೂ ಹತ್ತು ಹನ್ನೆರಡು ತಿನಿಸು ಬಿಟ್ಟರೆ ಬೇರೆ ಏನೂ ಬೇಡ. ತರಕಾರಿ ಚೂರು ಕಂಡರೆ ಒಂದೊಂದನ್ನೇ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾನೆ. ಎರಡು ತಿಂಗಳಲ್ಲಿ 43 ಹೊಸ ಅಡುಗೆ ಮಾಡಿದ್ದೇನೆ. ಅವನು ಬಾಯಿಗಿಟ್ಟಿದ್ದು ಐದನ್ನು. ಕ್ಯಾರೆಟ್ ತುರಿದು ಹಾಕಿದ ಆಮ್ಲೆಟ್ ಬಾಯಿಗೆ ಹೋಯಿತು, ಖುಷಿಪಡುವಷ್ಟರಲ್ಲಿ ಉಗಿದ. ಮತ್ತೆ ಅದನ್ನು ಮಾಡಲಿಲ್ಲ. ಮೊಬೈಲ್ ಹಿಡಿಸಿದರೆ ನಾಲ್ಕು ತುತ್ತು ಜಾಸ್ತಿ ಹೋಗುತ್ತೆ. ಊಟ ಆಗಲಿಲ್ಲವಲ್ಲ ಅಂತ ಹಾಲು ಕೊಡುತ್ತೇನೆ, ದಿನಕ್ಕೆ ನಾಲ್ಕು ಲೋಟ ಆಗುತ್ತೆ. ಎರಡು ಮೂರು ದಿನಕ್ಕೊಮ್ಮೆ ಕಕ್ಕ ಮಾಡುತ್ತಾನೆ, ಅದೂ ಕಷ್ಟಪಟ್ಟು. ಈಗ ತೂಕ 15.4 ಕೆ.ಜಿ., ಎತ್ತರ 101 ಸೆಂ.ಮೀ. ಹೋದ ವರ್ಷ ಇದೇ ಹೊತ್ತಿಗೆ ತೂಕ 13.6 ಇತ್ತು. "ಹಸಿದ್ರೆ ತಾನೇ ತಿಂತಾನೆ ಬಿಡು" ಅಂತಾರೆ ಗಂಡ. "ಮನೇಲೇ ಇರ್ತೀಯಲ್ಲ, ಮಗೂಗೆ ಎರಡು ತುತ್ತು ತಿನ್ನಿಸೋಕೆ ಆಗಲ್ವಾ?" ಅಂತಾರೆ ಅತ್ತೆ. ತಪ್ಪು ನನ್ನದೇನಾ? ತರಕಾರಿಯನ್ನು ರುಬ್ಬಿ ಗೊತ್ತಾಗದ ಹಾಗೆ ಸೇರಿಸಲಾ? ಹಸಿವಾಗೋ ಟಾನಿಕ್ ಕೊಡಿಸಲಾ? ಇಲ್ಲಾ, ಎರಡು ದಿನ ಉಪವಾಸ ಇರಲಿ ಅಂತ ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು 43 ಅನ್ನುವ ಸಂಖ್ಯೆ. ಎರಡನೇ ಸಲ ಬಿದ್ದದ್ದು 'ಕಷ್ಟಪಟ್ಟು' ಅನ್ನುವ ಪದ. ನೀವು ಅದನ್ನು ಹಾಗೇ ಹೇಳಿಕೊಂಡು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಎರಡಕ್ಕೂ ಬರುತ್ತೇನೆ.

ಮಕ್ಕಳ ಆಹಾರತಜ್ಞೆಯಾಗಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮಂಥ ಅಮ್ಮಂದಿರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಮಗುವಿನ ವಿಷಯ ಹೇಳುತ್ತಾ ಹೇಳುತ್ತಾ ಎಲ್ಲೋ ಒಂದು ಕಡೆ ತಮ್ಮ ವಿಷಯಕ್ಕೆ ಬಂದುಬಿಡುತ್ತಾರೆ. ಮಗ ತಿನ್ನುತ್ತಿಲ್ಲ ಅನ್ನುವುದು ಮೇಲೆ ಕಾಣುವ ಚಿಂತೆ. ಇಡೀ ದಿನ ಮನೆಯಲ್ಲಿದ್ದೂ ನನ್ನಿಂದ ಇಷ್ಟು ಆಗಲಿಲ್ಲವಲ್ಲ ಅನ್ನುವುದು ಒಳಗೆ ಕೊರೆಯುವುದು. ಹೊರಗೆ ಕೆಲಸಕ್ಕೆ ಹೋಗುವವರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತೆ, ಕೆಲಸ ಆಯಿತು ಅಂತ ಗೊತ್ತಾಗುತ್ತೆ. ಮನೆಯಲ್ಲಿರುವ ಅಮ್ಮನಿಗೆ ಸಿಗುವುದು ಖಾಲಿಯಾದ ತಟ್ಟೆ. ಅದೂ ಖಾಲಿಯಾಗದಿದ್ದರೆ?

ಮೊದಲು ಅಂಕಿಗಳನ್ನು ನೋಡೋಣ, ಅವು ಸುಳ್ಳು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ 4 ವರ್ಷದ ಗಂಡುಮಗುವಿನ ಮಧ್ಯದ ತೂಕ ಸುಮಾರು 16.3 ಕೆ.ಜಿ., ಎತ್ತರ ಸುಮಾರು 103 ಸೆಂ.ಮೀ. ಮಧ್ಯದ್ದು ಅಂದರೆ ಅರ್ಧ ಮಕ್ಕಳು ಅದಕ್ಕಿಂತ ಮೇಲೆ, ಅರ್ಧ ಮಕ್ಕಳು ಕೆಳಗೆ. ನಿಮ್ಮ ಮಗ ಸ್ವಲ್ಪ ಕೆಳಗಿದ್ದಾನೆ, ಅಷ್ಟೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಹೋದ ವರ್ಷದ ಲೆಕ್ಕ. ಆಗ ಆ ಪಟ್ಟಿಯ ಯಾವ ಗೆರೆಯ ಹತ್ತಿರ ಇದ್ದನೋ ಈಗಲೂ ಅದರ ಹತ್ತಿರವೇ ಇದ್ದಾನೆ. ವರ್ಷಕ್ಕೆ 1.8 ಕೆ.ಜಿ. ಏರಿದ್ದಾನೆ. ಈ ವಯಸ್ಸಿಗೆ ಅಷ್ಟೇ ಏರಬೇಕು.

ಇಲ್ಲೇ ಮೊದಲ ತಪ್ಪು ತಿಳಿವಳಿಕೆ ಇದೆ. ಮಗು ದೊಡ್ಡದಾದ ಹಾಗೆ ತಿನ್ನುವುದೂ ಅದೇ ವೇಗದಲ್ಲಿ ಜಾಸ್ತಿ ಆಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ಮೊದಲ ಹುಟ್ಟುಹಬ್ಬಕ್ಕೆ 9 ಕೆ.ಜಿ. ಆಗುತ್ತೆ, ಅಂದರೆ ಮೂರು ಪಟ್ಟು. ಅದೇ ವೇಗದಲ್ಲಿ ಹೋಗಿದ್ದರೆ ಎರಡನೇ ವರ್ಷಕ್ಕೆ 27, ಮೂರಕ್ಕೆ 81, ನಿಮ್ಮ ಮಗ ಈಗ 243 ಕೆ.ಜಿ. ಇರಬೇಕಿತ್ತು! ಹಾಗಾಗದಿರಲಿ ಅಂತಲೇ ದೇಹ ಹಸಿವನ್ನು ತಗ್ಗಿಸುತ್ತೆ. ಒಂದು ವರ್ಷದ ಹೊತ್ತಿಗೆ ಬಟ್ಟಲು ಬಟ್ಟಲು ತಿನ್ನುತ್ತಿದ್ದ ಮಗು ಎರಡರ ಹೊತ್ತಿಗೆ ನಾಲ್ಕು ಚಮಚಕ್ಕೆ ಸಾಕು ಅಂದಾಗ ಏನೋ ಕೆಟ್ಟಿದೆ ಅಂತ ಅನ್ನಿಸುತ್ತೆ. ಕೆಟ್ಟಿರುವುದಿಲ್ಲ.

ಇನ್ನೊಂದು ಮಾತು. ನೀವು ಒಂದೊಂದು ಊಟವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಿದ್ದೀರಿ. 1991ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ ಮತ್ತು ಜೊತೆಗಾರರು 2ರಿಂದ 5 ವರ್ಷದ 15 ಮಕ್ಕಳು ಆರು ದಿನ ತಿಂದದ್ದನ್ನೆಲ್ಲ ತೂಗಿ ನೋಡಿದರು. ಒಂದು ಊಟಕ್ಕೂ ಇನ್ನೊಂದಕ್ಕೂ ಸರಾಸರಿ ಶೇ. 34ರಷ್ಟು ಏರುಪೇರು ಇತ್ತು. ಇಡೀ ದಿನದ ಮೊತ್ತ ತೆಗೆದುಕೊಂಡರೆ ಏರುಪೇರು ಶೇ. 10ರಷ್ಟಕ್ಕೆ ಇಳಿಯಿತು. ಮಧ್ಯಾಹ್ನ ಏನೂ ತಿನ್ನದ ಮಗು ಸಂಜೆ ಸರಿದೂಗಿಸಿಕೊಂಡಿರುತ್ತೆ. ಅಮ್ಮನಿಗೆ ಮಾತ್ರ ಮಧ್ಯಾಹ್ನದ್ದೇ ನೆನಪಿರುತ್ತೆ.

ಈಗ ಆ 'ಕಷ್ಟಪಟ್ಟು' ಅನ್ನುವ ಪದಕ್ಕೆ ಬರೋಣ. ಎರಡು ಮೂರು ದಿನಕ್ಕೊಮ್ಮೆ, ಅದೂ ತಿಣುಕಿ ತಿಣುಕಿ ಅಂದರೆ ಅದು ಮಲಬದ್ಧತೆ. ಊಟದ ಗಲಾಟೆಯ ಹಿಂದೆ ಇದು ಅಡಗಿರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೆಳಗಿನದು ಖಾಲಿಯಾಗದೆ ಮೇಲೆ ಹಸಿವಾಗುವುದಾದರೂ ಹೇಗೆ? ಒಂದು ಸಲ ನೋವಾದರೆ ಮಗು ಮುಂದಿನ ಸಲ ಬಂದದ್ದನ್ನು ತಡೆದು ಹಿಡಿಯುತ್ತೆ. ಮೂಲೆಯಲ್ಲಿ ಕಾಲು ಕಾಲು ಹೊಸೆದು ನಿಲ್ಲುತ್ತೆ, ಸೋಫಾದ ಹಿಂದೆ ಬಚ್ಚಿಟ್ಟುಕೊಳ್ಳುತ್ತೆ. ತಡೆದಷ್ಟೂ ಅದು ಗಟ್ಟಿಯಾಗುತ್ತೆ, ಗಟ್ಟಿಯಾದಷ್ಟೂ ನೋವು ಜಾಸ್ತಿ. ಇದನ್ನು ನಿಮ್ಮ ಮಕ್ಕಳ ವೈದ್ಯರಿಗೆ ಹೇಳಿ. ಮಲ ಮೃದು ಮಾಡುವ ಔಷಧಿ ಕೊಟ್ಟರೆ ಹೆದರಬೇಡಿ, ನಾಲ್ಕು ದಿನಕ್ಕೆ ಸರಿಹೋಯಿತು ಅಂತ ನಿಲ್ಲಿಸಲೂ ಬೇಡಿ. ಎಷ್ಟೋ ಮಕ್ಕಳಿಗೆ ಅದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತೆ. ಊಟವಾದ ಸ್ವಲ್ಪ ಹೊತ್ತಿಗೆ ದಿನಾ ಐದು ನಿಮಿಷ ಕೂರಿಸಿ. ಕಮೋಡ್ ಆದರೆ ಕಾಲು ನೇತಾಡಬಾರದು, ಕೆಳಗೊಂದು ಸ್ಟೂಲ್ ಇಡಿ. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗಿ ಚುರುಕಾಗುತ್ತೆ, ಅದನ್ನು ಬಳಸಿಕೊಳ್ಳುವ ಉಪಾಯ ಇದು.

ಇದಕ್ಕೆ ಅಂಟಿಕೊಂಡೇ ಬರುವುದು ಹಾಲು. ನಾಲ್ಕು ಲೋಟ ಅಂದರೆ ಸುಮಾರು 800 ಮಿ.ಲೀ. ಕೆನೆ ತೆಗೆಯದ ಹಾಲಾದರೆ ಅದರಲ್ಲೇ ಹತ್ತಿರ ಹತ್ತಿರ 500 ಕ್ಯಾಲೊರಿ. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು ಅಂದಾಜು 1,200ರಿಂದ 1,400. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಲೋಟದಲ್ಲೇ ಮುಗಿದುಹೋಯಿತು, ಅಲ್ವಾ? ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಜೊತೆಗೆ ಅದರಲ್ಲಿರುವ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣ ಒಳಸೇರುವುದಕ್ಕೂ ಅಡ್ಡಿ ಮಾಡುತ್ತೆ. ಕಬ್ಬಿಣ ಕಡಿಮೆಯಾದರೆ ಹಸಿವೂ ಕಡಿಮೆ. ಊಟ ಆಗಲಿಲ್ಲ ಅಂತ ಹಾಲು, ಹಾಲು ಕುಡಿದದ್ದರಿಂದ ಊಟ ಇಲ್ಲ. ನೀವು ಬರೆದಿರುವ ಮನೆಯಲ್ಲಿ ಈ ಚಕ್ರ ತಿರುಗುತ್ತಾ ಇದೆ. ಹಾಲು, ಮೊಸರು ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನ ಒಳಗೆ ಇರಲಿ. ಒಂದೇ ದಿನಕ್ಕೆ ಕಿತ್ತುಕೊಳ್ಳಬೇಡಿ, ವಾರಕ್ಕೆ ಒಂದು ಲೋಟ ಇಳಿಸಿ. ಊಟಕ್ಕೆ ಒಂದೂವರೆ ಗಂಟೆ ಮೊದಲು ನೀರು ಬಿಟ್ಟು ಬೇರೇನೂ ಬೇಡ. ವೈದ್ಯರ ಹತ್ತಿರ ಹೋದಾಗ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ) ನೋಡಬೇಕಾ ಅಂತ ಕೇಳಿ. ಮಗು ಮಣ್ಣು, ಸೀಮೆಸುಣ್ಣ, ಐಸ್ ತಿನ್ನುತ್ತಿದ್ದರಂತೂ ತಪ್ಪದೆ ಹೇಳಿ.

ಇಷ್ಟಾದರೂ ತರಕಾರಿ ಚೂರಿನ ಸಾಲು ತಟ್ಟೆಯ ಅಂಚಿನಲ್ಲಿ ಇದ್ದೇ ಇರುತ್ತೆ. ಅದು ಹಟ ಅಲ್ಲ. ಇದಕ್ಕೆ ಫುಡ್ ನಿಯೋಫೋಬಿಯಾ ಅನ್ನುತ್ತಾರೆ, ಹೊಸ ತಿನಿಸಿನ ಭಯ. ಎರಡರಿಂದ ಆರು ವರ್ಷದ ನಡುವೆ ಇದು ಜೋರು. ಮಗು ತಾನೇ ನಡೆದುಕೊಂಡು ಹೋಗಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನಲ್ಲೇ ಈ ಅನುಮಾನ ಶುರುವಾಗುವುದು ಗಮನಿಸಬೇಕಾದ ಸಂಗತಿ. ಗೊತ್ತಿಲ್ಲದ ಹಸಿರು ಎಲೆಯನ್ನು ಬೇಡ ಅಂದ ಮಗು ಒಂದು ಕಾಲಕ್ಕೆ ಬದುಕಿ ಉಳಿದಿರಬೇಕು.

ನಾಲಿಗೆಯ ಮಾತೂ ಇದೆ. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು "ಎಂಥ ಕಹಿ!" ಅಂದರು. ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಒಂದೇ ಪುಡಿ ಒಬ್ಬರಿಗೆ ಕಹಿ, ಇನ್ನೊಬ್ಬರಿಗೆ ಸಪ್ಪೆ. ಇದರ ಹಿಂದೆ ಒಂದು ಜೀನ್ ಇದೆ ಅನ್ನುವುದು ಆಮೇಲೆ ಗೊತ್ತಾಯಿತು. ಎಲೆಕೋಸು, ಹೂಕೋಸಿನ ಜಾತಿಯ ತರಕಾರಿಗಳಲ್ಲಿ ಇದೇ ಬಗೆಯ ಕಹಿ ಇರುತ್ತೆ. ನಿಮಗೆ ನವಿರಾಗಿ ಸಿಹಿ ಅನ್ನಿಸುವ ಎಲೆಕೋಸು ಅವನಿಗೆ ನಿಜಕ್ಕೂ ಕಹಿಯಾಗಿರಬಹುದು. "ಏನೂ ಕಹಿ ಇಲ್ಲ, ತಿನ್ನು" ಅಂದಾಗ ಅವನ ಪಾಲಿಗೆ ನೀವು ಸುಳ್ಳು ಹೇಳುತ್ತಿದ್ದೀರಿ.

ತಪ್ಪು ನನ್ನದಾ ಅಂತ ಕೇಳಿದ್ದೀರಿ. ಬ್ರಿಟನ್ನಿನಲ್ಲಿ 8ರಿಂದ 11 ವರ್ಷದ ಸಾವಿರಾರು ಅವಳಿ ಮಕ್ಕಳನ್ನು ಹೋಲಿಸಿ ನೋಡಿದ 2007ರ ಅಧ್ಯಯನ ಒಂದಿದೆ. ಹೊಸ ತಿನಿಸಿನ ಭಯದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಶೇ. 78ರಷ್ಟು ಹುಟ್ಟಿನಿಂದ ಬಂದದ್ದು ಅಂತ ಅದು ಲೆಕ್ಕ ಹಾಕಿತು. ಹಾಗಂತ ಅದು ಬದಲಾಗುವುದೇ ಇಲ್ಲ ಅಂತಲ್ಲ. ಆದರೆ ಒಂದೇ ಅಮ್ಮ, ಒಂದೇ ಅಡುಗೆಮನೆ, ಮಗಳು ಎಲ್ಲ ತಿನ್ನುತ್ತಾಳೆ, ಮಗ ತಿನ್ನುವುದಿಲ್ಲ ಅಂದರೆ ದೋಷ ಅಡುಗೆಮನೆಯಲ್ಲಿ ಹೇಗಿರುತ್ತೆ? ಈ ಮಾತನ್ನು ಬೇಕಿದ್ದರೆ ನಿಮ್ಮ ಅತ್ತೆಯವರಿಗೂ ಓದಿ ಹೇಳಿ. ಮಗಳನ್ನು ಬೆಳೆಸಿದ ಕೈಯೂ ಅದೇ ಅಲ್ವಾ.

ಈಗ 43. ಇದನ್ನು ಹೇಳಿದರೆ ನಿಮಗೆ ಸ್ವಲ್ಪ ನೋವಾಗಬಹುದು. ನೀವು ಮಾಡುತ್ತಿರುವುದು ಪ್ರಯೋಗ ಅಲ್ಲ. ಪ್ರಯೋಗದಲ್ಲಿ ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಬದಲಾಯಿಸುತ್ತಾರೆ, ಮತ್ತೆ ಮತ್ತೆ ಮಾಡಿ ನೋಡುತ್ತಾರೆ. ನೀವು ದಿನಾ ಎಲ್ಲವನ್ನೂ ಬದಲಾಯಿಸುತ್ತಿದ್ದೀರಿ. ಹೊಸದನ್ನು ಕಂಡರೆ ಹೆದರುವ ಮಗುವಿನ ಮುಂದೆ ಎರಡು ತಿಂಗಳಲ್ಲಿ 43 ಸಲ ಹೊಸದನ್ನೇ ಇಟ್ಟಿದ್ದೀರಿ. ಬೇಡ ಅಂದ ಕೂಡಲೇ ಆ ಅಡುಗೆಯನ್ನು ಕೈಬಿಟ್ಟಿದ್ದೀರಿ. ಅಂದರೆ ಅವನು ಯಾವ ತಿನಿಸನ್ನೂ ಎರಡನೇ ಸಲ ನೋಡಲೇ ಇಲ್ಲ. ಪ್ರತಿದಿನವೂ ಅವನಿಗೆ ಮೊದಲ ದಿನವೇ.

ಇದೇ ಲಿಯಾನ್ ಬರ್ಚ್ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಅವರು ತಿಂದಿರದ ಚೀಸ್ ಮತ್ತು ಹಣ್ಣುಗಳ ರುಚಿ ತೋರಿಸಿದ್ದರು. ಕೆಲವನ್ನು 2 ಸಲ, ಕೆಲವನ್ನು 5, 10, 15, ಕೆಲವನ್ನು 20 ಸಲ. ಆಮೇಲೆ ಆರಿಸಿಕೊಳ್ಳಲು ಬಿಟ್ಟರು. ಹೆಚ್ಚು ಸಲ ರುಚಿ ನೋಡಿದ್ದನ್ನೇ ಮಕ್ಕಳು ಆರಿಸಿದರು. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. 8ರಿಂದ 15 ಸಲ ಬೇಕಾಗಬಹುದು, ಕೆಲವರಿಗೆ ಇನ್ನೂ ಜಾಸ್ತಿ. ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಮೂರು ನಾಲ್ಕು ಸಲಕ್ಕೆ ಸೋತುಹೋಗಿರುತ್ತಾರೆ. "ಅವನಿಗೆ ಕ್ಯಾರೆಟ್ ಆಗಲ್ಲ" ಅನ್ನುವ ತೀರ್ಪು ಮೂರನೇ ಸಲಕ್ಕೇ ಬಂದುಬಿಟ್ಟಿರುತ್ತೆ.

ಹಾಗಾಗಿ ನಿಮ್ಮ ನೋಟ್‌ಬುಕ್ಕಿನಿಂದ ಮೂರೇ ಮೂರು ಅಡುಗೆ ಆರಿಸಿ. ಅವನು ಬಾಯಿಗಿಟ್ಟ ಐದರಲ್ಲೇ ಮೂರು. ಮುಂದಿನ ಎರಡು ತಿಂಗಳು ಅವನಿಗೆ ಹೊಸದು ಅಂದರೆ ಈ ಮೂರು ಮಾತ್ರ, ಒಂದೊಂದೂ ವಾರಕ್ಕೆ ಎರಡು ಸಲ. ತಟ್ಟೆಯಲ್ಲಿ ಅವನಿಗೆ ಗೊತ್ತಿರುವ ಬ್ರೆಡ್ಡೋ ಅನ್ನವೋ ಇರಲಿ, ಪಕ್ಕದಲ್ಲಿ ಇದು ಒಂದು ಚಮಚ. ಒಂದೇ ಚಮಚ! ನಾಲ್ಕು ವರ್ಷದ ಮಗುವಿಗೆ ಒಂದು ತರಕಾರಿಯ ಒಂದು ಹೊತ್ತಿನ ಪಾಲು ಅಂದರೆ ವರ್ಷಕ್ಕೊಂದು ದೊಡ್ಡ ಚಮಚದ ಲೆಕ್ಕದಲ್ಲಿ ನಾಲ್ಕು ಚಮಚ ಅಂತ ನಾವು ಹೇಳುತ್ತೇವೆ. ಅದು ಇಷ್ಟವಿರುವ ತರಕಾರಿಗೆ. ಇಷ್ಟವಿಲ್ಲದ್ದು ರಾಶಿ ಕಂಡರೆ ನಮಗೇ ಹಸಿವು ಹೋಗುತ್ತೆ. ಬೇರೆ ಎಲ್ಲ ಹಾಗೇ ಇರಲಿ, ಒಂದನ್ನು ಮಾತ್ರ ನಿಧಾನಕ್ಕೆ ಬದಲಾಯಿಸಿ. ಈ ವಾರ ತುರಿ ಸಣ್ಣದು, ಮುಂದಿನ ವಾರ ಸ್ವಲ್ಪ ದಪ್ಪ. ಅಂದಹಾಗೆ, ಹಸಿ ಕ್ಯಾರೆಟ್ಟನ್ನು ನಾಣ್ಯದ ಹಾಗೆ ದುಂಡಗೆ ಹೆಚ್ಚಿ ಕೊಡಬೇಡಿ, ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ತುರಿಯಿರಿ, ಇಲ್ಲವೇ ಮೆತ್ತಗೆ ಬೇಯಿಸಿ. ಇಡಿಯಾದ ದ್ರಾಕ್ಷಿ, ಇಡಿ ಬೀಜಗಳಿಗೂ ಇದೇ ಮಾತು.

ನೋಟ್‌ಬುಕ್ಕಿನಲ್ಲಿ 'ತಿಂದ, ತಿನ್ನಲಿಲ್ಲ' ಅನ್ನುವ ಕಾಲಂ ತೆಗೆದುಹಾಕಿ. ಬದಲಿಗೆ ಹೀಗೆ ಬರೆಯಿರಿ: ತಟ್ಟೆಯಲ್ಲಿರಲು ಬಿಟ್ಟ, ಮುಟ್ಟಿದ, ಮೂಸಿದ, ನೆಕ್ಕಿದ, ಬಾಯಿಗಿಟ್ಟು ಉಗಿದ, ನುಂಗಿದ. ಅಂಚಿಗೆ ಸಾಲಾಗಿ ಜೋಡಿಸುತ್ತಾನೆ ಅಂತ ಬೇಜಾರಿನಿಂದ ಬರೆದಿದ್ದೀರಲ್ಲ, ಈ ಲೆಕ್ಕದಲ್ಲಿ ಅವನು ಆಗಲೇ ಎರಡನೇ ಮೆಟ್ಟಿಲಲ್ಲಿದ್ದಾನೆ. ಕೈಯಲ್ಲಿ ಮುಟ್ಟುತ್ತಿದ್ದಾನೆ. ಆದರೆ ಬರೀ ನೋಡಿದರೆ, ಮುಟ್ಟಿದರೆ ನಾಲಿಗೆಗೆ ಅಭ್ಯಾಸ ಆಗುವುದಿಲ್ಲ. ಕೊನೆಗೆ ಒಂದು ಚೂರಾದರೂ ನಾಲಿಗೆಗೆ ತಾಗಬೇಕು. ತಾಗಿಸುವುದು ನಾವಲ್ಲ, ಅವನು.

ಈ ದಾರಿಯ ತೊಂದರೆ ಏನಪ್ಪಾ ಅಂದರೆ ಬೇಜಾರು. ಅಡುಗೆ ಇಷ್ಟಪಡುವವರಿಗೆ ಒಂದೇ ಆಮ್ಲೆಟ್ ಹದಿನಾರು ಸಲ ಮಾಡುವುದು ಶಿಕ್ಷೆ. ನನ್ನ ಸಲಹೆ, ನಿಮ್ಮ ಹೊಸರುಚಿಗಳನ್ನು ನಿಲ್ಲಿಸಬೇಡಿ. ತಿನ್ನುವ ಇಬ್ಬರು ಮನೆಯಲ್ಲೇ ಇದ್ದಾರಲ್ಲ, ಅವರಿಗೆ ಮಾಡಿ. ನಿಮಗೋಸ್ಕರ ಮಾಡಿಕೊಳ್ಳಿ. ನಿಮ್ಮ ಅಡುಗೆಗೆ ಅಂಕ ಕೊಡುವ ಕೆಲಸದಿಂದ ಮಾತ್ರ ಆ ನಾಲ್ಕು ವರ್ಷದ ಪರೀಕ್ಷಕನನ್ನು ಬಿಡುಗಡೆ ಮಾಡಿ. ಅವನೆದುರು ಎಲ್ಲರೂ ಅದನ್ನು ತಿನ್ನುತ್ತಿರಲಿ, ಅವನನ್ನು ಯಾರೂ ಕೇಳದಿರಲಿ.

ಕೇಳದಿರಲಿ ಅಂದೆ. ಇದು ಮನೆಯಲ್ಲಿ ಎಲ್ಲರಿಗೂ ಕಷ್ಟ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ 27 ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದು ಸೂಪ್ ಕೊಡುವಾಗ "ಸೂಪ್ ಮುಗಿಸು, ಪ್ಲೀಸ್" ಅಂತ ಮತ್ತೆ ಮತ್ತೆ ಹೇಳಿದರು. ಗದರಲಿಲ್ಲ, ಒಳ್ಳೆ ಮಾತಿನಲ್ಲೇ ಹೇಳಿದರು. ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಸುಮ್ಮನಿದ್ದಾಗ ಮಕ್ಕಳು ಜಾಸ್ತಿ ಕುಡಿದರು. ಸೂಪಿನ ಬಗ್ಗೆ ಮಕ್ಕಳು ಆಡಿದ ಬೇಸರದ ಮಾತುಗಳನ್ನೂ ಎಣಿಸಿದರು. ಒತ್ತಾಯ ಮಾಡಿದಾಗ 157, ಮಾಡದಿದ್ದಾಗ 30. "ಇನ್ನೊಂದೇ ತುತ್ತು, ನನ್ನ ಚಿನ್ನ ಅಲ್ವಾ" ಅನ್ನುವುದೂ ಮಗುವಿಗೆ ಒತ್ತಾಯವೇ. "ಇದು ತಿಂದರೆ ಚಾಕ್ಲೇಟ್" ಅನ್ನುವುದು ಇನ್ನೂ ಹಾಳು. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಕೆಟ್ಟದ್ದೇ ಇರಬೇಕು ಅಂತ ಮಗು ತೀರ್ಮಾನ ಮಾಡಿಬಿಡುತ್ತೆ. ರುಚಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಕೊಟ್ಟರೆ ಕೆಲವು ಮಕ್ಕಳಿಗೆ ಉಪಯೋಗ ಆಗಿದೆ. ತಿನಿಸಿಗೆ ತಿನಿಸನ್ನೇ ಬಹುಮಾನ ಮಾಡಬೇಡಿ, ಅಷ್ಟೇ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿ ಒಂದು ಸರಳ ಪಾಲುಪಟ್ಟಿ ಮಾಡಿಕೊಟ್ಟರು. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ನಾನು ಹೆಚ್ಚಿನ ಮನೆಗಳಿಗೆ ಇದನ್ನೇ ಹೇಳುತ್ತೇನೆ. ಮೂರು ಊಟ, ನಡುವೆ ಎರಡು ಸಲ ಸಣ್ಣ ತಿಂಡಿ, ಸಮಯ ಗೊತ್ತಾಗಿರಲಿ. ಪ್ರತಿ ಊಟದಲ್ಲೂ ಅವನು ತಿನ್ನುವಂಥದ್ದು ಒಂದಾದರೂ ಇರಲಿ. 20 ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ತಟ್ಟೆ ತೆಗೆಯಿರಿ, ಮಾತಿಲ್ಲದೆ. ಮುಂದಿನ ಹೊತ್ತಿನವರೆಗೆ ಬಿಸ್ಕತ್ತೂ ಇಲ್ಲ, ಹಾಲೂ ಇಲ್ಲ. ಮೊದಲ ಒಂದೆರಡು ವಾರ ಅವನು ಇನ್ನೂ ಕಡಿಮೆ ತಿನ್ನಬಹುದು, ಅದಕ್ಕೆ ತಯಾರಿರಿ. ಮನೆಯ ಉಳಿದವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮೂರನೇ ದಿನಕ್ಕೆ ಯಾರೋ ಒಬ್ಬರು "ಪಾಪ, ಮಗು" ಅಂತ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಇದು ನಿಮ್ಮ ಗಂಡ ಹೇಳುವ "ಹಸಿದ್ರೆ ತಾನೇ ತಿಂತಾನೆ"ಗಿಂತ ಬೇರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೊತ್ತಿಗೆ ಸರಿಯಾಗಿ ಹಸಿವಾಗಬೇಕು, ನಿಜ. ಆದರೆ ಎರಡು ದಿನ ಉಪವಾಸ ಕೆಡವಿ ಗೆಲ್ಲುತ್ತೇವೆ ಅನ್ನುವುದು ಬೇಡವೇ ಬೇಡ. ಹಸಿವು ಹೆಚ್ಚಾದರೆ ಮಗು ಗೊತ್ತಿರುವುದನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತೆ, ಹೊಸದಕ್ಕೆ ಧೈರ್ಯ ಬರುವುದಿಲ್ಲ. ಕೆಲವು ಮಕ್ಕಳು ನಿಜವಾಗಿಯೂ ತಿನ್ನುವುದಿಲ್ಲ. ಅವರ ವಿಷಯ ಕೊನೆಗೆ ಹೇಳುತ್ತೇನೆ.

ರುಬ್ಬಿ ಬಚ್ಚಿಡುವ ವಿಷಯ. ಹೊಟ್ಟೆಗೆ ತರಕಾರಿ ಹೋಗಬೇಕು ಅನ್ನುವಷ್ಟೇ ಲೆಕ್ಕವಾದರೆ ಅದು ಕೆಲಸ ಮಾಡುತ್ತೆ. ನನ್ನದೇ ಕಥೆ ಕೇಳಿ. ಮಗಳಿಗೆ ಮೂರು ವರ್ಷ. ಅವಳಿಗೆ ಟೊಮೆಟೊ ಸೂಪ್ ಅಂದರೆ ಪ್ರಾಣ. ಇಷ್ಟೆಲ್ಲ ಓದಿದ ನಾನು ಅದರಲ್ಲಿ ಕುಂಬಳಕಾಯಿ ರುಬ್ಬಿ ಸೇರಿಸಿದೆ. ಮೂರು ದಿನ ಗೊತ್ತಾಗಲಿಲ್ಲ. ನಾಲ್ಕನೇ ದಿನ ಅವಸರದಲ್ಲಿ ಸರಿಯಾಗಿ ರುಬ್ಬಿರಲಿಲ್ಲ, ಒಂದು ನಾರು ನಾಲಿಗೆಗೆ ಸಿಕ್ಕಿತು. ಎರಡು ಬೆರಳಲ್ಲಿ ಅದನ್ನು ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಂಟು ತಿಂಗಳು ಟೊಮೆಟೊ ಸೂಪ್ ಮುಟ್ಟಲಿಲ್ಲ. ಕುಂಬಳಕಾಯಿಯೂ ಬರಲಿಲ್ಲ, ಇದ್ದ ಟೊಮೆಟೊವೂ ಹೋಯಿತು. ಸೇರಿಸಬೇಡಿ ಅಂತ ಹೇಳುತ್ತಿಲ್ಲ. ಹೇಳಿ ಸೇರಿಸಿ. "ಇದರಲ್ಲಿ ಕ್ಯಾರೆಟ್ ಇದೆ, ನೋಡು ಬಣ್ಣ ಬಂದಿದೆ" ಅನ್ನಿ. ಅವನು ಬೆರಳೆಣಿಕೆಯಷ್ಟು ತಿನಿಸನ್ನು ನಂಬಿದ್ದಾನೆ. ಅದರಲ್ಲೂ ಅನುಮಾನ ಹುಟ್ಟಿಸುವುದು ದುಬಾರಿ.

ಮೊಬೈಲಿನ ನಾಲ್ಕು ತುತ್ತೂ ಅಷ್ಟೇ. ಬಾಯಿಗೆ ಹೋಗುತ್ತೆ, ಲೆಕ್ಕಕ್ಕೆ ಬರುವುದಿಲ್ಲ. ಏನು ತಿಂದೆ ಅಂತ ಅವನಿಗೆ ಗೊತ್ತೇ ಆಗಿರುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಮೊದಲು ದಿನದ ಒಂದು ಊಟದಿಂದ ತೆಗೆಯಿರಿ. ದೊಡ್ಡವರ ಫೋನೂ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ.

ಹಸಿವಿನ ಟಾನಿಕ್ ಬೇಡ. ಹಸಿವು ಹೆಚ್ಚಿಸುತ್ತೆ ಅಂತ ಕೊಡುವ ಕೆಲವು ಸಿರಪ್‌ಗಳಲ್ಲಿ ಸಿಪ್ರೊಹೆಪ್ಟಡಿನ್ ಅನ್ನುವ ಅಲರ್ಜಿ ಔಷಧಿ ಇರುತ್ತೆ. ನಿದ್ದೆ ಬರಿಸುವುದು ಅದರ ಗುಣ. ವೈದ್ಯರು ಕಾರಣ ನೋಡಿ ಕೊಟ್ಟರೆ ಬೇರೆ ಮಾತು, ನಾವೇ ಅಂಗಡಿಯಿಂದ ತಂದು ಕುಡಿಸುವಂಥದ್ದಲ್ಲ. ಹಾಲಿಗೆ ಬೆರೆಸುವ ಪ್ರೋಟೀನ್ ಪುಡಿಗಳ ಬಗ್ಗೆ ಹೇಳುವುದಾದರೆ, ನಿಮ್ಮ ಮಗನಿಗೆ ಹಾಲಿನ ನೆಪ ಇನ್ನೊಂದು ಬೇಕಾಗಿಲ್ಲ.

ಅಡುಗೆಮನೆಗೆ ಅವನನ್ನು ಸೇರಿಸಿಕೊಳ್ಳಿ. ಬೀನ್ಸ್ ಮುರಿಯಲಿ, ಮೊಟ್ಟೆ ಕಲಕಲಿ, ತೊಳೆದ ಸೊಪ್ಪಿನ ನೀರು ಕೊಡವಲಿ. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಆಗುತ್ತೆ, ನೆಲ ಒರೆಸಬೇಕಾಗುತ್ತೆ, ಒಲೆ ಮತ್ತು ಚಾಕು ದೂರ ಇರಬೇಕು. ದಿನಾ ಬೇಡ, ವಾರಕ್ಕೆ ಎರಡು ದಿನ ಸಾಕು. ತಾನೇ ಮುರಿದ ಬೀನ್ಸ್ ಅವನಿಗೆ ಅಪರಿಚಿತ ಅಲ್ಲ.

ಯಾವಾಗ ಕಾಯಬಾರದು ಅನ್ನುವುದನ್ನೂ ಹೇಳಬೇಕು. ತೂಕ ನಿಂತುಹೋಗಿದ್ದರೆ ಅಥವಾ ಬೆಳವಣಿಗೆ ಪಟ್ಟಿಯಲ್ಲಿ ಗೆರೆಯಿಂದ ಗೆರೆಗೆ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು, ನೋವು, ಪದೇ ಪದೇ ವಾಂತಿ ಇದ್ದರೆ, ಗಟ್ಟಿ ತಿನಿಸು ಬಾಯಿಗೆ ಬಂದ ಕೂಡಲೇ ಓಕರಿಕೆ ಬರುತ್ತಿದ್ದರೆ ತಡಮಾಡಬೇಡಿ. ತಿನ್ನುವ ತಿನಿಸುಗಳ ಪಟ್ಟಿ ಕುಗ್ಗುತ್ತಾ ಹೋದರೂ ಅಷ್ಟೇ. ಬಿಟ್ಟದ್ದು ಮತ್ತೆ ಸೇರುವುದೇ ಇಲ್ಲ, ಹೊಸದೂ ಬರುವುದಿಲ್ಲ, ಒಟ್ಟು ಇಪ್ಪತ್ತಕ್ಕಿಂತ ಕಡಿಮೆ ಉಳಿದಿದೆ ಅಂದರೆ ಅದು ಬರೀ ಆಯ್ದು ತಿನ್ನುವ ಅಭ್ಯಾಸ ಆಗಿರಲಿಕ್ಕಿಲ್ಲ. ಆರ್ಫಿಡ್, ಅಂದರೆ ದೇಹಕ್ಕೆ ಬೇಕಾದಷ್ಟು ಸಿಗದ ಮಟ್ಟಿಗೆ ತಿನಿಸುಗಳನ್ನು ದೂರವಿಡುವ ತೊಂದರೆಯನ್ನು ವೈದ್ಯಲೋಕ 2013ರಿಂದ ಪ್ರತ್ಯೇಕವಾಗಿ ಗುರುತಿಸುತ್ತಿದೆ. ಉಪವಾಸ ಕೆಡವಿದರೂ ತಿನ್ನದವರು ಅಂದೆನಲ್ಲ, ಅವರಲ್ಲಿ ಕೆಲವರು ಈ ಮಕ್ಕಳು. ನಿಮ್ಮ ಮಗ ಈ ಅಂಚಿನ ಹತ್ತಿರವೇ ಇದ್ದಾನೆ, ಆದರೆ ತೂಕ ಏರುತ್ತಿದೆ. ಹಾಗಾಗಿ ಅವನು ತಿನ್ನುವುದನ್ನೆಲ್ಲ, ಬಿಸ್ಕತ್ತಿನ ಬಗೆಗಳನ್ನೂ ಬಿಡದೆ, ಒಂದು ಸಲ ಎಣಿಸಿ ಬರೆದಿಡಿ. ಎರಡು ತಿಂಗಳಾದ ಮೇಲೆ ಮತ್ತೆ ಎಣಿಸಿ. ಕಡಿಮೆಯಾಗಿದ್ದರೆ ಆ ಹಾಳೆ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.

ಈ ವಾರ ಮೊದಲು ಮಲಬದ್ಧತೆಗೆ ವೈದ್ಯರ ಸಮಯ ತೆಗೆದುಕೊಳ್ಳಿ, ಹಾಲು ಒಂದು ಲೋಟ ಇಳಿಸಿ. ಆಮೇಲೆ ಆ ಕ್ಯಾರೆಟ್ ಆಮ್ಲೆಟ್ ಇದೆಯಲ್ಲ, ಅದನ್ನು ಎರಡನೇ ಸಲ ಮಾಡಿ. ಅದೇ ಬಾಣಲೆ, ಅಷ್ಟೇ ಉಪ್ಪು, ಕ್ಯಾರೆಟ್ ತುರಿ ಮಾತ್ರ ಹೋದ ಸಲಕ್ಕಿಂತ ಕಡಿಮೆ. ಬೆರಳುಗುರಿನಷ್ಟು ತುಂಡು ಸಾಕು. ತಟ್ಟೆಯ ಪಕ್ಕ ಒಂದು ಖಾಲಿ ಬಟ್ಟಲು ಇಡಿ. "ಇಷ್ಟ ಆಗದಿದ್ದರೆ ಇದರಲ್ಲಿ ಉಗಿ" ಅಂತ ಒಂದೇ ಸಲ ಹೇಳಿ, ನಿಮ್ಮ ಪಾಡಿಗೆ ನೀವು ಊಟ ಮಾಡಿ.